ಮೊದಲು ಕಾಗದ, ಆಮೇಲೆ ದೇಶ

ನಮಸ್ಕಾರ. ರಾತ್ರಿ ಪಾಳಿ ಮುಗಿಸಿ ಬಂದು, ಮಲಗುವ ಮೊದಲು ರೇಡಿಯೋ ಹಾಕಿಕೊಂಡ ನರ್ಸ್ ಒಬ್ಬರು ಕೇಳುತ್ತಿದ್ದಾರೆ ಅಂದುಕೊಂಡೇ ಮಾತಾಡುತ್ತೇನೆ.

ಎಲ್ಲರೂ ನನ್ನನ್ನು ಕೇಳುವುದು ಒಂದೇ ಪ್ರಶ್ನೆ. ನರ್ಸ್ ಕೆಲಸಕ್ಕೆ ಯಾವ ದೇಶಕ್ಕೆ ಹೋದರೆ ಒಳ್ಳೆಯದು? ಕೇಳಿ ಕೇಳಿ ಸಾಕಾಗಿದೆ, ನಿಜ ಹೇಳುತ್ತೇನೆ. ಕೆಲಸಕ್ಕೇನೂ ಬರ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2025ರ ವರದಿ ನೋಡಿ, ಜಗತ್ತಿನಲ್ಲಿ ಸುಮಾರು 58 ಲಕ್ಷ ನರ್ಸ್‌ಗಳು ಕಡಿಮೆ ಇದ್ದಾರೆ. ಈಗಿರುವ ಏಳು ನರ್ಸ್‌ಗಳಲ್ಲಿ ಒಬ್ಬರು ಬೇರೆ ದೇಶದಲ್ಲಿ ಹುಟ್ಟಿದವರು. ನಿಮ್ಮ ಕಾಗದಪತ್ರ ಸರಿ ಇದೆಯಾ? ಅದನ್ನು ಹೇಳಿ ಮೊದಲು.

ನಮ್ಮ ಜೊತೆ ಒಬ್ಬರು ಸಿಸ್ಟರ್ ಇದ್ದರು. ಐಸಿಯುನಲ್ಲಿ ಎಂಟು ವರ್ಷ ದುಡಿದವರು. ಯಾರಿಗೂ ನರ ಸಿಗದಿದ್ದಾಗ ಕ್ಯಾನುಲಾ, ಅಂದರೆ ಡ್ರಿಪ್ ಕೊಡುವ ಸಣ್ಣ ನಳಿಕೆ, ಹಾಕಲು ಇವರನ್ನೇ ಕರೆಯುತ್ತಿದ್ದೆವು. ಹೊರದೇಶದ ಆಸ್ಪತ್ರೆಯೊಂದರ ಸಂದರ್ಶನದಲ್ಲಿ ಪಾಸಾದರು. ಸಿಹಿಯನ್ನೂ ಹಂಚಿಯಾಯಿತು. ಆಮೇಲೆ ದಾಖಲೆ ಪರಿಶೀಲನೆ ಶುರು. ಅಂದರೆ ನೀವು ಕೊಟ್ಟ ಜೆರಾಕ್ಸ್ ನೋಡಿ ಸುಮ್ನೆ ಸೀಲು ಒತ್ತುವುದಲ್ಲ. ನೀವು ಓದಿದ ಕಾಲೇಜು, ನೋಂದಣಿ ಮಾಡಿಸಿದ ನರ್ಸಿಂಗ್ ಕೌನ್ಸಿಲ್, ದುಡಿದ ಆಸ್ಪತ್ರೆ, ಇವರನ್ನೇ ನೇರವಾಗಿ ಕೇಳುತ್ತಾರೆ. ಇವರ ಪಾಸ್‌ಪೋರ್ಟಿನಲ್ಲಿ ಹೆಸರು ಒಂದು ರೀತಿ, ಕೌನ್ಸಿಲ್ ಸರ್ಟಿಫಿಕೇಟಿನಲ್ಲಿ ಒಂದು ‘ಎಚ್’ ಜಾಸ್ತಿ! ಸಾಲದ್ದಕ್ಕೆ ಹಳೇ ಆಸ್ಪತ್ರೆ ಕೊಟ್ಟ ಅನುಭವ ಪತ್ರದಲ್ಲಿ ‘ಎರಡು ವರ್ಷ ಕೆಲಸ ಮಾಡಿದ್ದಾರೆ’ ಅಂತ ಮಾತ್ರ ಇತ್ತು. ಸೇರಿದ ದಿನ ಇಲ್ಲ, ಬಿಟ್ಟ ದಿನ ಇಲ್ಲ. ಸಹಿ ಹಾಕಿದ ಸೂಪರಿಂಟೆಂಡೆಂಟ್ ನಿವೃತ್ತಿಯಾಗಿದ್ದರು. ಹಳೇ ಹಾಜರಿ ಪುಸ್ತಕ ಹುಡುಕಿಸಿ, ಅಫಿಡವಿಟ್ ಮಾಡಿಸಿ, ಎಲ್ಲ ಸರಿಹೋಗಲು ಐದು ತಿಂಗಳು. ಅಷ್ಟರಲ್ಲಿ ಆ ಹುದ್ದೆಗೆ ಬೇರೆಯವರು ಬಂದಾಗಿತ್ತು. ಒಂದು ‘ಎಚ್’, ನೋಡಿ!

ಬಾಗಿಲು ಯಾವಾಗಲೂ ತೆರೆದಿರುವುದಿಲ್ಲ. ಕೋವಿಡ್ ನಂತರ ಬ್ರಿಟನ್ ಹೊರಗಿನ ನರ್ಸ್‌ಗಳನ್ನು ಧಾರಾಳವಾಗಿ ಕರೆಸಿಕೊಂಡಿತು. 2024ರ ಹೊತ್ತಿಗೆ ಕೈ ಬಿಗಿ ಮಾಡಿತು. ಕಾಗದ ಸಿದ್ಧ ಇದ್ದವರು ಒಳಗೆ ಹೋದರು. ಇಲ್ಲದವರು ಅರ್ಜಿ ತುಂಬುತ್ತಾ ಕೂತರು.

ಪರೀಕ್ಷೆಗಳ ವಿಷಯ ವಿವರವಾಗಿ ಹೇಳಬೇಕು ಅಂತ ಬಂದಿದ್ದೆ. ಗಡಿಯಾರ ಬಿಡುತ್ತಿಲ್ಲ. ಅಮೆರಿಕಕ್ಕೆ ಎನ್‌ಕ್ಲೆಕ್ಸ್ ಅನ್ನುವ ನರ್ಸಿಂಗ್ ಲೈಸೆನ್ಸ್ ಪರೀಕ್ಷೆ, ವೀಸಾ ಸರದಿ ಮಾತ್ರ ಉದ್ದ. ಕೊಲ್ಲಿ ದೇಶಗಳಿಗೆ ಸಾಮಾನ್ಯವಾಗಿ ಪ್ರೊಮೆಟ್ರಿಕ್ ಅನ್ನುವ ಕಂಪ್ಯೂಟರ್ ಪರೀಕ್ಷೆ. ಜರ್ಮನಿಗೆ ಜರ್ಮನ್ ಭಾಷೆ ಬಿ2 ಮಟ್ಟಕ್ಕೆ, ಅಂದರೆ ಸರಾಗವಾಗಿ ಮಾತಾಡುವಷ್ಟು, ಬರಬೇಕು, ಅದು ಎರಡು ವಾರದ ಕೆಲಸ ಅಲ್ಲ. ಬ್ರಿಟನ್ನಿಗೆ ಐಇಎಲ್‌ಟಿಎಸ್ ಅನ್ನುವ ಇಂಗ್ಲಿಷ್ ಪರೀಕ್ಷೆಯಲ್ಲಿ 7 ಅಂಕ, ಬರವಣಿಗೆಗೆ 6.5 ಸಾಕು. ಏಜೆಂಟ್ ದುಡ್ಡು ಕೇಳಿದರೆ ಎದ್ದು ಬನ್ನಿ. ಬ್ರಿಟನ್ನಿನ ನೇಮಕಾತಿ ಸಂಹಿತೆಯಲ್ಲಂತೂ ಏಜೆನ್ಸಿ ಅಭ್ಯರ್ಥಿಯಿಂದ ಶುಲ್ಕ ಪಡೆಯುವಂತಿಲ್ಲ.

ಇನ್ನೂ ‘ಯಾವ ದೇಶ’ ಅಂತಲೇ ಯೋಚಿಸುತ್ತಿದ್ದೀರಿ, ಅಲ್ವಾ? ನಿದ್ದೆ ಮುಗಿಸಿ ಎದ್ದ ಮೇಲೆ ಪಾಸ್‌ಪೋರ್ಟ್, ಅಂಕಪಟ್ಟಿ, ಕೌನ್ಸಿಲ್ ಸರ್ಟಿಫಿಕೇಟ್, ಮೂರನ್ನೂ ಮಂಚದ ಮೇಲೆ ಸಾಲಾಗಿ ಇಡಿ. ಹೆಸರಿನ ಮೇಲೆ ಬೆರಳಿಟ್ಟು ಒಂದೊಂದೇ ಅಕ್ಷರ ಓದಿ. ನಿಮ್ಮ ನೋಂದಣಿ ಸರಿಯಿದೆ, ನಿಮ್ಮ ಮೇಲೆ ಯಾವ ಕ್ರಮವೂ ಇಲ್ಲ ಅಂತ ಕೌನ್ಸಿಲ್ ಕೊಡುವ ಗುಡ್ ಸ್ಟ್ಯಾಂಡಿಂಗ್ ಸರ್ಟಿಫಿಕೇಟ್ ಮಾತ್ರ ಕೊನೆಗೆ ಮಾಡಿಸಿ, ಅದರ ಅವಧಿ ಬೇಗ ಮುಗಿಯುತ್ತದೆ. ನಮಸ್ಕಾರ.