ಟ್ಯೂಬ್ ಟೆಸ್ಟ್: ರಿಪೋರ್ಟಿನ ಒಂದು ಸಾಲನ್ನು ಹೇಗೆ ಓದಬೇಕು

ಕೇಳುಗರಿಗೆ ನಮಸ್ಕಾರ.

ಮಕ್ಕಳಾಗಲಿಲ್ಲವೆಂದು ಪರೀಕ್ಷೆಗೆ ಹೋದ ಹೆಣ್ಣುಮಕ್ಕಳ ಎದೆ ಧಸಕ್ಕೆನ್ನಿಸುವ ಕಾಗದವೆಂದರೆ ಟ್ಯೂಬ್ ಟೆಸ್ಟಿನ ರಿಪೋರ್ಟು. ‘ಎರಡೂ ಟ್ಯೂಬ್ ಬ್ಲಾಕ್’ ಎಂಬ ಒಂದೇ ಸಾಲನ್ನು ಓದಿ, ಇನ್ನು ತಾಯಿಯಾಗುವುದೇ ಇಲ್ಲ ಎಂದುಕೊಂಡು ಅಳುತ್ತ ಬರುವವರಿದ್ದಾರೆ. ‘ಎರಡೂ ಓಪನ್’ ಎಂದು ಓದಿ, ಹಾಗಾದರೆ ಎಲ್ಲವೂ ಸರಿಯಿದೆ ಎಂದು ವರ್ಷಗಟ್ಟಲೆ ಸುಮ್ಮನಿರುವವರೂ ಇದ್ದಾರೆ. ಈ ಪರೀಕ್ಷೆ ಅಷ್ಟು ದೊಡ್ಡ ತೀರ್ಪು ಕೊಡುವುದಿಲ್ಲ. ಇವತ್ತು ನಾನು ಮಾತಾಡುವುದು ಅದರ ಬಗ್ಗೆಯೇ.

ಗರ್ಭಕೋಶದ ಎರಡು ಬದಿಗೂ ಒಂದೊಂದು ಅಂಡನಾಳ ಇರುತ್ತದೆ. ಉದ್ದ ಸುಮಾರು 10ರಿಂದ 12 ಸೆಂಟಿಮೀಟರ್. ಗರ್ಭಕೋಶಕ್ಕೆ ಸೇರುವ ಕಡೆ ಅದರ ಒಳದಾರಿ ಬರೀ ಒಂದು ಮಿಲಿಮೀಟರಿನಷ್ಟು. 16ನೇ ಶತಮಾನದಲ್ಲಿ ಇಟಲಿಯ ಅಂಗರಚನಾ ತಜ್ಞ ಗಾಬ್ರಿಯೆಲೆ ಫಾಲೋಪಿಯೊ ಇದನ್ನು ವಿವರಿಸಿದ್ದರಿಂದ ಫೆಲೋಪಿಯನ್ ಟ್ಯೂಬ್ ಎಂಬ ಹೆಸರು ಬಂತು. ಟ್ಯೂಬ್ ಎಂದ ಕೂಡಲೇ ನಮ್ಮ ಮನಸ್ಸಿಗೆ ನೀರಿನ ಪೈಪು ಬರುತ್ತದೆ. ಕಟ್ಟಿದೆಯೋ ಇಲ್ಲವೋ, ಅಷ್ಟೇ ಲೆಕ್ಕ. ಆದರೆ ಇದು ಜೀವಂತ ಅಂಗ. ಇದರ ತುದಿಯ ಕುಚ್ಚಿನಂಥ ಭಾಗ ಅಂಡಾಶಯದಿಂದ ಹೊರಬಿದ್ದ ಅಂಡಾಣುವನ್ನು ಹಿಡಿದು ಒಳಗೆಳೆದುಕೊಳ್ಳುತ್ತದೆ. ಅಂಡಾಣುವಿನ ಆಯಸ್ಸು ಹೆಚ್ಚೆಂದರೆ ಒಂದು ದಿನ. ಅಷ್ಟರಲ್ಲಿ ವೀರ್ಯಾಣು ಬಂದು ಅದನ್ನು ಸೇರುವುದು ಈ ನಾಳದೊಳಗೇ. ಆಮೇಲೆ ನಾಳದ ಒಳಗೋಡೆಯ ಸೂಕ್ಷ್ಮ ರೋಮಗಳೂ ಸ್ನಾಯುಗಳೂ ಸೇರಿ ಆ ಭ್ರೂಣವನ್ನು ಕೆಲವು ದಿನಗಳಲ್ಲಿ ಗರ್ಭಕೋಶಕ್ಕೆ ತಲುಪಿಸುತ್ತವೆ.

ಟ್ಯೂಬ್ ಕೆಡುವುದಕ್ಕೆ ಮುಖ್ಯ ಕಾರಣ ಸೋಂಕು. ಲೈಂಗಿಕ ಸಂಪರ್ಕದಿಂದ ಹರಡುವ ಕ್ಲಮೈಡಿಯಾ, ಗೊನೋರಿಯಾದಂಥ ಸೋಂಕುಗಳು, ಗರ್ಭಾಂಗಗಳ ಕ್ಷಯ, ಒಡೆದ ಅಪೆಂಡಿಕ್ಸ್, ಗರ್ಭಕೋಶದ ಒಳಪದರದಂಥದ್ದೇ ಪದರ ಅದರ ಹೊರಗೂ ಬೆಳೆಯುವ ಎಂಡೊಮೆಟ್ರಿಯೋಸಿಸ್, ಹಿಂದೆ ಆದ ಆಪರೇಷನ್, ಇವೆಲ್ಲ ಅಲ್ಲಿ ಗಾಯ ಮಾಡಬಲ್ಲವು. ಕ್ಲಮೈಡಿಯಾ ಮತ್ತು ಕ್ಷಯ ಎಷ್ಟೋ ಸಲ ಯಾವ ಸುಳಿವೂ ಕೊಡದೆ ಬಂದುಹೋಗಿರುತ್ತವೆ. ‘ನನಗೆ ಏನೂ ಆಗಿರಲಿಲ್ಲವಲ್ಲ’ ಎಂದು ಹೆಂಗಸರು ಹೇಳುವುದು ಸುಳ್ಳಲ್ಲ.

ಇನ್ನು ಪರೀಕ್ಷೆ. ಆಸ್ಪತ್ರೆಯಲ್ಲಿ ಎಚ್‌ಎಸ್‌ಜಿ ಎನ್ನುತ್ತಾರೆ. ಆ ತಿಂಗಳ ಮುಟ್ಟಿನ ರಕ್ತಸ್ರಾವ ನಿಂತ ಮೇಲೆ, ಅಂಡಾಣು ಬಿಡುಗಡೆಯಾಗುವ ಮುಂಚೆ ಮಾಡಬೇಕು, ಏಕೆಂದರೆ ಆಗ ಗರ್ಭ ನಿಂತಿರುವ ಸಾಧ್ಯತೆ ಇರುವುದಿಲ್ಲ. ಎಕ್ಸ್‌ರೇ ಯಂತ್ರದ ಕೆಳಗೆ ಮಲಗಿಸಿ, ಗರ್ಭಕೋಶದ ಬಾಯಿಯ ಮೂಲಕ ಸಣ್ಣ ನಳಿಕೆ ಇಟ್ಟು, ಅಯೋಡಿನ್ ಇರುವ ದ್ರವವನ್ನು ನಿಧಾನವಾಗಿ ಬಿಡುತ್ತಾರೆ. ತೆರೆಯ ಮೇಲೆ ಮೊದಲು ಗರ್ಭಕೋಶದ ಒಳಾವರಣ ಪುಟ್ಟ ತ್ರಿಕೋನವಾಗಿ ಮೂಡುತ್ತದೆ. ಅದರ ಎರಡು ಮೂಲೆಗಳಿಂದ ಎರಡು ಸಣ್ಣ ಗೆರೆಗಳು ಹೊರಟು, ಮುಂದೆ ಹೋಗುತ್ತ ಅಗಲವಾಗಿ, ಕೊನೆಗೆ ದ್ರವ ಹೊಟ್ಟೆಯೊಳಕ್ಕೆ ಚೆಲ್ಲಿ ಹರಡುತ್ತದೆ. ಹೀಗೆ ಚೆಲ್ಲಿತೆಂದರೆ ಟ್ಯೂಬ್ ತೆರೆದಿದೆ ಎಂದರ್ಥ. ಮುಟ್ಟಿನ ಹೊಟ್ಟೆನೋವಿನಂಥ ನೋವು ಬರುತ್ತದೆ. ಕೆಲವರಿಗೆ ಜೋರಾಗಿಯೇ ಬರುತ್ತದೆ. ಸ್ವಲ್ಪ ಮುಂಚೆಯೇ ನೋವಿನ ಮಾತ್ರೆ ಕೊಡುವಂತೆ ಕೇಳಿ. ‘ಇಷ್ಟಕ್ಕೆಲ್ಲ ಮಾತ್ರೆ ಯಾಕೆ’ ಎನ್ನುವವರ ಮಾತು ಕೇಳಬೇಡಿ. ಎಕ್ಸ್‌ರೇ ಬದಲು ನೊರೆಯಂಥ ದ್ರವ ಬಿಟ್ಟು ಸ್ಕ್ಯಾನಿನಲ್ಲಿ ನೋಡುವ ವಿಧಾನವೂ ಇದೆ, ಅದರಲ್ಲಿ ನೋವು ಕಡಿಮೆ.

ಈಗ ಆ ಭಯದ ಸಾಲಿಗೆ ಬರೋಣ. ಬ್ಲಾಕ್ ಎಲ್ಲಿದೆ ಎಂಬುದು ಮುಖ್ಯ. ಗರ್ಭಕೋಶದ ಮೂಲೆಯಲ್ಲೇ ದ್ರವ ನಿಂತುಬಿಟ್ಟಿದ್ದರೆ ಅದು ನಿಜವಾದ ಬ್ಲಾಕ್ ಅಲ್ಲದಿರಬಹುದು. ನೋವಿಗೋ ಹೆದರಿಕೆಗೋ ಸ್ನಾಯು ಬಿಗಿಹಿಡಿದುಕೊಳ್ಳುತ್ತದೆ, ಇಲ್ಲವೇ ಲೋಳೆಯ ಚೂರೊಂದು ಅಡ್ಡ ಸಿಕ್ಕಿಕೊಂಡಿರುತ್ತದೆ. ಇಂಥ ಎಷ್ಟೋ ಹೆಂಗಸರಲ್ಲಿ ಮತ್ತೊಮ್ಮೆ ಪರೀಕ್ಷೆ ಮಾಡಿದಾಗ ಟ್ಯೂಬ್ ತೆರೆದೇ ಇರುತ್ತದೆ. ಅದಕ್ಕೇ ಬರೀ ರಿಪೋರ್ಟನ್ನಲ್ಲ, ಫಿಲ್ಮನ್ನೂ ಕೇಳಿ ತೆಗೆದುಕೊಳ್ಳಿ. ಇನ್ನೊಬ್ಬ ವೈದ್ಯರು ನೋಡಬೇಕಾದರೆ ಅದು ಬೇಕು. ತುದಿಯ ಕಡೆ ಕಟ್ಟಿ ನಾಳ ಊದಿಕೊಂಡಿದ್ದರೆ ಮಾತ್ರ ಅದು ಬೇರೆಯೇ ಕಥೆ, ಅದಕ್ಕೆ ಆಮೇಲೆ ಬರುತ್ತೇನೆ. ಒಂದು ಟ್ಯೂಬ್ ಮಾತ್ರ ಬ್ಲಾಕ್ ಆಗಿದ್ದರೆ ಇನ್ನೊಂದರಿಂದ ಸಹಜವಾಗಿಯೇ ಬಸಿರಾಗಬಹುದು. ಒಂದು ಬದಿಯ ಅಂಡಾಣುವನ್ನು ಇನ್ನೊಂದು ಬದಿಯ ನಾಳ ಹಿಡಿದುಕೊಳ್ಳುವುದೂ ಉಂಟು.

‘ಓಪನ್’ ಎಂಬ ಸಾಲಿಗೂ ಮಿತಿಯಿದೆ. ದ್ರವ ಹರಿಯಿತು ಎಂದ ಮಾತ್ರಕ್ಕೆ ಒಳಗಿನ ರೋಮಗಳು ಕೆಲಸ ಮಾಡುತ್ತಿವೆ ಎಂದಲ್ಲ. ನಾಳದ ಸುತ್ತ ಅಂಟಿಕೊಂಡ ಪೊರೆಗಳೂ ಎಂಡೊಮೆಟ್ರಿಯೋಸಿಸ್ಸೂ ಎಕ್ಸ್‌ರೇಯಲ್ಲಿ ಸರಿಯಾಗಿ ಕಾಣುವುದಿಲ್ಲ; ಅವಕ್ಕೆ ಹೊಟ್ಟೆಗೆ ಸಣ್ಣ ತೂತು ಮಾಡಿ ಕ್ಯಾಮೆರಾದಿಂದ ಒಳಗೆ ನೋಡುವ ಲ್ಯಾಪರೋಸ್ಕೋಪಿಯೇ ಬೇಕು. ಒಳಗೆ ಕೆಟ್ಟಿದ್ದೂ ತೆರೆದಿರುವ ನಾಳದಲ್ಲಿ ಗರ್ಭ ಅಲ್ಲೇ ಸಿಕ್ಕಿಕೊಂಡು ಬೆಳೆಯುವ ಅಪಾಯವಿದೆ. ಹಾಗಾಗಿ ಟ್ಯೂಬಿನ ತೊಂದರೆ ಇದ್ದವರು ಮುಟ್ಟು ತಪ್ಪಿದ ಕೂಡಲೇ ವೈದ್ಯರನ್ನು ಕಂಡು, ಅವರು ಹೇಳಿದ ಹೊತ್ತಿಗೆ ಸ್ಕ್ಯಾನ್ ಮಾಡಿಸಿಕೊಳ್ಳಬೇಕು.

ಈ ಪರೀಕ್ಷೆಯ ಬಗ್ಗೆ ನನಗೆ ತುಂಬ ಕುತೂಹಲದ ಸಂಗತಿ ಒಂದಿದೆ. ಟ್ಯೂಬ್ ಟೆಸ್ಟ್ ಆದ ತಿಂಗಳುಗಳಲ್ಲೇ ಬಸಿರಾದೆ ಎನ್ನುವವರನ್ನು ಕೇಳಿರುತ್ತೀರಿ. ಬಹಳ ಕಾಲ ಅದು ಕಾಕತಾಳೀಯ ಎಂದೇ ಅನೇಕರು ತಿಳಿದಿದ್ದರು. ನೆದರ್‌ಲೆಂಡ್ಸ್‌ನ 27 ಆಸ್ಪತ್ರೆಗಳಲ್ಲಿ 1119 ಮಹಿಳೆಯರ ಮೇಲೆ ನಡೆದ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಅರ್ಧದಷ್ಟು ಜನರಿಗೆ ನೀರಿನಲ್ಲಿ ಕರಗುವ ದ್ರವ, ಉಳಿದರ್ಧಕ್ಕೆ ಎಣ್ಣೆಯ ದ್ರವ. ಎಣ್ಣೆ ಎಂದರೆ ಗಸಗಸೆ ಎಣ್ಣೆಗೆ ಅಯೋಡಿನ್ ಸೇರಿಸಿದ್ದು. ಆರು ತಿಂಗಳಲ್ಲಿ ಎಣ್ಣೆಯ ಗುಂಪಿನ ನೂರರಲ್ಲಿ ಸುಮಾರು 40 ಮಂದಿಗೆ ಗರ್ಭ ನಿಂತು ಮುಂದುವರಿದಿತ್ತು, ನೀರಿನ ಗುಂಪಿನಲ್ಲಿ ಸುಮಾರು 29. ನಾಳದೊಳಗಿನ ಕಸ ತೊಳೆದುಹೋಗುತ್ತದೆ ಎಂಬುದು ಒಂದು ವಿವರಣೆ, ಗರ್ಭಕೋಶದ ಒಳಪದರದ ಮೇಲೆ ಎಣ್ಣೆಯ ಪರಿಣಾಮ ಇದೆ ಎಂಬುದು ಇನ್ನೊಂದು.

ಇದನ್ನು ಕೇಳಿ ‘ನನಗೂ ಎಣ್ಣೆಯದೇ ಹಾಕಿ’ ಎನ್ನುವ ಮುಂಚೆ ಒಂದು ಮಾತು. ಆ ಅಧ್ಯಯನದಲ್ಲಿದ್ದವರು 40 ದಾಟದವರು, ಟ್ಯೂಬ್ ಕೆಟ್ಟಿರುವ ಶಂಕೆ ಕಡಿಮೆ ಇದ್ದವರು. ಎಲ್ಲರಿಗೂ ಅದೇ ಲೆಕ್ಕ ಒಪ್ಪುವುದಿಲ್ಲ. ಎಣ್ಣೆಯಲ್ಲಿನ ಅಯೋಡಿನ್ ದೇಹದಲ್ಲಿ ತಿಂಗಳುಗಟ್ಟಲೆ ಉಳಿಯುವುದರಿಂದ ಥೈರಾಯ್ಡ್ ತೊಂದರೆ ಇದ್ದವರು ಮೊದಲೇ ಹೇಳಬೇಕು. ಎಣ್ಣೆ ರಕ್ತನಾಳಕ್ಕೆ ಹೋದರೆ ಅಪಾಯ, ಆದ್ದರಿಂದ ಅನುಭವವಿದ್ದವರೇ ತೆರೆ ನೋಡುತ್ತ ಸ್ವಲ್ಪಸ್ವಲ್ಪವೇ ಬಿಡಬೇಕು.

ಎರಡೂ ಟ್ಯೂಬ್ ನಿಜಕ್ಕೂ ಮುಚ್ಚಿದ್ದರೆ? ಗರ್ಭಕೋಶದ ಕಡೆಯ ತಡೆಯನ್ನು ಕೆಲವೊಮ್ಮೆ ಸಣ್ಣ ತಂತಿ ಹಾಯಿಸಿ ತೆರೆಯುತ್ತಾರೆ. ಉಳಿದವರಿಗೆ ಐವಿಎಫ್, ಅಂದರೆ ಅಂಡಾಣು ವೀರ್ಯಾಣುಗಳನ್ನು ದೇಹದ ಹೊರಗೆ ಸೇರಿಸಿ ಭ್ರೂಣವನ್ನು ಗರ್ಭಕೋಶದೊಳಗೆ ಇಡುವ ಚಿಕಿತ್ಸೆ. ಆ ಚಿಕಿತ್ಸೆ ಹುಟ್ಟಿದ್ದೇ ಇವರಿಗಾಗಿ: 1978ರ ಜುಲೈ 25ರಂದು ಇಂಗ್ಲೆಂಡಿನಲ್ಲಿ ಹುಟ್ಟಿದ ಮೊದಲ ಪ್ರಣಾಳ ಶಿಶು ಲೂಯಿಸ್ ಬ್ರೌನ್‌ಳ ತಾಯಿಗೆ ಎರಡೂ ಟ್ಯೂಬ್ ಬ್ಲಾಕ್ ಆಗಿದ್ದವು. ಆದರೆ ನಾಳ ಊದಿ ನೀರು ತುಂಬಿದ್ದರೆ ಆ ನೀರು ಗರ್ಭಕೋಶಕ್ಕೆ ಇಳಿದು ಐವಿಎಫ್ ಫಲಿಸುವ ಅವಕಾಶವನ್ನು ಅರ್ಧದಷ್ಟಕ್ಕೆ ಇಳಿಸಬಲ್ಲದು. ಅಂಥ ಟ್ಯೂಬನ್ನು ಮೊದಲು ತೆಗೆಯಿರಿ ಅಥವಾ ಕ್ಲಿಪ್ ಹಾಕಿ ಮುಚ್ಚಿಸಿರಿ ಎಂದು ವೈದ್ಯರು ಹೇಳಿದರೆ, ಅದು ಗರ್ಭದ ಅವಕಾಶ ಹೆಚ್ಚಿಸುವುದಕ್ಕೇ.

ಗಂಡಂದಿರಿಗೂ ಒಂದು ಮಾತು. ವೀರ್ಯ ಪರೀಕ್ಷೆಗೆ ನೋವಿಲ್ಲ, ಎಕ್ಸ್‌ರೇ ಇಲ್ಲ. ನಿಮ್ಮದು ಮುಗಿಯದೆ ಹೆಂಡತಿಯನ್ನು ಟ್ಯೂಬ್ ಟೆಸ್ಟಿಗೆ ಕಳಿಸುವುದು ನ್ಯಾಯವಲ್ಲ.

ಪರೀಕ್ಷೆ ಮುಗಿದ ಮೇಲೆ ಒಂದೆರಡು ದಿನ ಸ್ವಲ್ಪ ರಕ್ತ, ಅಂಟಂಟು ದ್ರವ ಹೋಗುವುದು ಸಹಜ. ಜ್ವರ, ಹೆಚ್ಚುತ್ತಲೇ ಹೋಗುವ ಹೊಟ್ಟೆನೋವು, ವಾಸನೆಯ ಬಿಳಿಸೆರಗು ಕಂಡರೆ ಅಂದೇ ಆಸ್ಪತ್ರೆಗೆ ಹೋಗಿ. ಟ್ಯೂಬ್ ಊದಿದೆ ಎಂದು ತಿಳಿದವರಂತೂ ಬೆಳಗಾಗಲಿ ಎಂದು ಕಾಯಬೇಡಿ. ಎಲ್ಲವೂ ಸರಿಯಿದ್ದರೆ ವೈದ್ಯರನ್ನು ಕೇಳಿ ಅದೇ ತಿಂಗಳಿನಿಂದಲೇ ಪ್ರಯತ್ನ ಮುಂದುವರಿಸಬಹುದು. ವಯಸ್ಸು 30ರ ಆಸುಪಾಸಿನಲ್ಲಿದ್ದರೆ ಕೆಲವು ತಿಂಗಳು ಕಾದು ನೋಡಲು ಅಡ್ಡಿಯಿಲ್ಲ. 38 ದಾಟಿದ್ದರೆ ಎಷ್ಟು ತಿಂಗಳು ಕಾಯಬೇಕು ಎಂಬುದನ್ನು ಫಿಲ್ಮ್ ತೋರಿಸುವ ದಿನವೇ ವೈದ್ಯರ ಜತೆ ಕೂತು ನಿರ್ಧರಿಸಿ.

ನಮಸ್ಕಾರ.