ದಿನಕ್ಕೆ 10,000 ಹೆಜ್ಜೆ ಬೇಕೇ ಬೇಕಾ?

ನಮಸ್ಕಾರ. ನಿಮ್ಮಲ್ಲಿ ತುಂಬಾ ಜನ ಕೇಳಿದ್ದು ಇದನ್ನೇ: "10,000 ಹೆಜ್ಜೆ ಆಗ್ತಾನೇ ಇಲ್ಲ, ಏನ್ ಮಾಡ್ಲಿ?"

ಮೊದಲು ಗಾಬರಿ ಬಿಡಿ. 1965ರಲ್ಲಿ ಜಪಾನಿನ ಕಂಪನಿಯೊಂದು ಹೆಜ್ಜೆ ಎಣಿಸುವ ಪುಟ್ಟ ಯಂತ್ರ ಮಾರಾಟಕ್ಕೆ ತಂದಿತು. ಈ ಗುರಿ ಜನರ ಬಾಯಿಗೆ ಬಂದಿದ್ದು ಅದರ ಜೊತೆಗೇ. ಡಾಕ್ಟರುಗಳು ಅಳೆದು ತೂಗಿ ಬರೆದುಕೊಟ್ಟ ಲೆಕ್ಕ ಅಲ್ಲ.

ಹಾಗಾದರೆ ಎಷ್ಟು ಬೇಕು? ನನಗೆ ತುಂಬಾ ಇಷ್ಟವಾದ ಉತ್ತರ ಲಂಡನ್ನಿನ ಡಬಲ್ ಡೆಕ್ಕರ್ ಬಸ್ಸಿನಲ್ಲಿದೆ.

(ತೆರೆಯ ಮೇಲೆ: ಹಳೆಯ ಕೆಂಪು ಬಸ್ಸು)

ಜೆರೆಮಿ ಮಾರಿಸ್ ಅನ್ನುವ ವೈದ್ಯರು ಡ್ರೈವರು, ಕಂಡಕ್ಟರು ಇಬ್ಬರನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಅದೇ ಬಸ್ಸು, ಅದೇ ರಸ್ತೆ, ಅದೇ ಹೊಗೆ. ಡ್ರೈವರು ಹೆಚ್ಚುಕಡಿಮೆ ಇಡೀ ಪಾಳಿ ಸೀಟಿನಲ್ಲೇ. ಕಂಡಕ್ಟರು ಟಿಕೆಟ್ ಕೊಡಲು ಮೇಲೆ ಕೆಳಗೆ ಓಡಾಡುತ್ತಾ ದಿನಕ್ಕೆ 500ರಿಂದ 750 ಮೆಟ್ಟಿಲು ಹತ್ತುತ್ತಿದ್ದರು. 1953ರಲ್ಲಿ ಫಲಿತಾಂಶ ಬಂತು: ಕಂಡಕ್ಟರುಗಳಿಗೆ ಹೃದಯದ ಕಾಯಿಲೆ ಕಡಿಮೆ, ಬಂದರೂ ತಡವಾಗಿ.

"ದಪ್ಪ ಇರೋರೇ ಡ್ರೈವರ್ ಆಗ್ತಾರೇನೋ?" ಅಂತ ಅನುಮಾನ ಬರುತ್ತೆ, ಅಲ್ವಾ? ಅದನ್ನೂ ಬಿಡಲಿಲ್ಲ. ಯೂನಿಫಾರ್ಮ್ ಪ್ಯಾಂಟುಗಳ ಸೊಂಟದ ಅಳತೆ ತರಿಸಿದರು! ಡ್ರೈವರುಗಳ ಸೊಂಟ ದಪ್ಪವೇ ಇತ್ತು. ಆದರೆ ಸಣ್ಣಗಿದ್ದವರನ್ನು ಸಣ್ಣಗಿದ್ದವರ ಜೊತೆ, ದಪ್ಪಗಿದ್ದವರನ್ನು ದಪ್ಪಗಿದ್ದವರ ಜೊತೆ ಹೋಲಿಸಿದಾಗಲೂ ಹೃದಯಾಘಾತದ ಹಠಾತ್ ಸಾವು ಕಂಡಕ್ಟರುಗಳಲ್ಲೇ ಕಡಿಮೆ. ಒಂದು ಪ್ಯಾಂಟಿನ ಅಳತೆಯಿಂದ ಇಷ್ಟು ಹೊರತೆಗೆದರಲ್ಲ, ಇಂಥ ಸಂಶೋಧನೆ ಅಂದರೆ ನನಗೆ ಪ್ರಾಣ. ಆಮೇಲೆ ಮಾರಿಸ್ ತಾವೂ ಓಡಲು ಶುರುಮಾಡಿದರು. 99 ವರ್ಷ ಬದುಕಿದರು.

ಗಮನಿಸಿ, ಆ ಕಂಡಕ್ಟರುಗಳ ಮೆಟ್ಟಿಲು ಜಿಮ್ಮಿನದಲ್ಲ, ಕೆಲಸದ್ದೇ.

2019ರಲ್ಲಿ ಅಮೆರಿಕದ ವಯಸ್ಸಾದ ಹೆಂಗಸರ ಹೆಜ್ಜೆ ಎಣಿಸಿದಾಗಲೂ ಇಂಥದ್ದೇ ಕಂಡಿತು. ಅವರ ಸರಾಸರಿ ವಯಸ್ಸು 72. ದಿನಕ್ಕೆ 2,700 ಹೆಜ್ಜೆಯವರಿಗಿಂತ 4,400 ಹೆಜ್ಜೆಯವರಲ್ಲಿ ಸಾವು ಬಹಳ ಕಡಿಮೆ. ಸುಮಾರು 7,500 ದಾಟಿದ ಮೇಲೆ ಹೆಚ್ಚೇನೂ ವ್ಯತ್ಯಾಸ ಕಾಣಲಿಲ್ಲ. ಹಾಗಾಗಿ ನಿಮ್ಮದು ಈಗ 2,000 ಇದ್ದರೆ 10,000ದ ಚಿಂತೆ ಬೇಡ. ಮೊದಲು 4,000 ಮುಟ್ಟಿ.

ಟೈಮ್ ಆಗ್ತಿದೆ, ಉಳಿದದ್ದು ಬೇಗ ಹೇಳಿಬಿಡುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವುದು ವಾರಕ್ಕೆ 150ರಿಂದ 300 ನಿಮಿಷ ನಡಿಗೆಯಂಥ ಚಟುವಟಿಕೆ, ಮಧ್ಯಮ ಬಿರುಸಿನಲ್ಲಿ. ಮಧ್ಯಮ ಅಂದರೆ ನಡೆಯುತ್ತಾ ಮಾತಾಡಲು ಆಗಬೇಕು, ಹಾಡಲು ಆಗಬಾರದು. ನಿಮ್ಮ ಅಮ್ಮನಿಗೆ ಆ ಬಿರುಸು ನಿಧಾನ ನಡಿಗೆಯಲ್ಲೇ ಬರಬಹುದು, ನಿಮಗೆ ಏರು ರಸ್ತೆ ಬೇಕಾಗಬಹುದು. ವಾರಕ್ಕೆ 2 ದಿನ ಸ್ನಾಯುಗಳಿಗೂ ಕೆಲಸ ಕೊಡಿ. ಕುರ್ಚಿಯಿಂದ ಕೈ ಊರದೆ ಎದ್ದು ಕೂತರೂ ಶುರುವಿಗೆ ಸಾಕು. ಮಲಗೆದ್ದರೂ ಸುಸ್ತು ಹೋಗಿಲ್ಲ ಅಂದರೆ ಅವತ್ತು ಸ್ವಲ್ಪ ಕಮ್ಮಿ ಮಾಡಿ. ಎದೆ ಹಿಡಿದಂತಾದರೆ, ತಲೆ ಸುತ್ತಿದರೆ ಅಲ್ಲೇ ನಿಲ್ಲಿಸಿ, ತಡ ಮಾಡದೆ ಡಾಕ್ಟರ ಹತ್ತಿರ ಹೋಗಿ.

ಮಂಡಿ ನೋವಿದ್ದವರು ಏನು ಮಾಡಬೇಕು ಅನ್ನುವುದು ಮುಂದಿನ ವಿಡಿಯೋದಲ್ಲಿ.