ಕಾಲೇಜಿನಲ್ಲಿರುವಾಗಲೇ ಫ್ರೀಲ್ಯಾನ್ಸಿಂಗ್: ಕಾಸರಗೋಡಿನ ನಾವು ಎಲ್ಲಿಂದ ಶುರು ಮಾಡೋಣ?

[ತೆರೆಯ ಮೇಲೆ: ಒಂದು ಮಲಯಾಳ ನೋಟಿಸು. 'ಪ್ರಸಂಗಂ' ಎಂಬ ಪದದ ಸುತ್ತ ಕೆಂಪು ಗೆರೆ]

ನಮಸ್ಕಾರ. ಈ ನೋಟಿಸು ನೋಡಿ. ಸಂಜೆ ಐದಕ್ಕೆ 'ಪ್ರಸಂಗಂ' ಅಂತ ಬರೆದಿದೆ. ಇದನ್ನು ಹಾಗೆಯೇ 'ಪ್ರಸಂಗ' ಅಂತ ಕನ್ನಡಕ್ಕೆ ತಂದರೆ ಕುಂಬಳೆಯ ಜನ ಏನಂದುಕೊಳ್ಳುತ್ತಾರೆ? ಸಂಜೆ ಯಕ್ಷಗಾನ ಇದೆ, ಯಾವ ಪ್ರಸಂಗ, ಯಾವ ಮೇಳ ಅಂತ ಕೇಳುತ್ತಾರೆ. ಆದರೆ ಮಲಯಾಳದಲ್ಲಿ ಪ್ರಸಂಗಂ ಅಂದರೆ ಭಾಷಣ.

ಇಂಥ ಪದಗಳು ತುಂಬಾ ಇವೆ. ಮಲಯಾಳದ 'ಸಂಸಾರಂ' ನಮ್ಮ ಸಂಸಾರ ಅಲ್ಲ, ಮಾತುಕತೆ. 'ಉಪನ್ಯಾಸಂ' ಅಂದರೆ ಪ್ರಬಂಧ. 'ಅವಸರಂ' ಅಂದರೆ ಅವಕಾಶ. 'ಅನುವಾದಂ' ಅಂದರೆ ಅನುಮತಿ! ನಿಮಗೆ ಇದೆಲ್ಲ ಗೊತ್ತಿರುವ ವಿಷಯವೇ. ಯಾರೂ ಕಲಿಸಿದ್ದಲ್ಲ. ಮನೆಯಲ್ಲಿ ತುಳುವೋ ಕನ್ನಡವೋ, ಬಸ್ಸಿನಲ್ಲಿ ಮಲಯಾಳ, ಕ್ಲಾಸಿನಲ್ಲಿ ಇಂಗ್ಲಿಷ್, ಹೀಗೆ ಸುಮ್ನೆ ಬಂದುಬಿಟ್ಟಿದೆ. ಅದಕ್ಕೇ ಇದಕ್ಕೊಂದು ಬೆಲೆ ಇದೆ ಅಂತ ನಮಗೆ ಅನಿಸುವುದಿಲ್ಲ. ಈ ವಿಡಿಯೋದಲ್ಲಿ ನಾನು ಹೇಳಬೇಕೆಂದಿರುವುದು ಇದನ್ನೇ. ಡಿಗ್ರಿ ಓದುತ್ತಾ, ಅಥವಾ ಮುಗಿಸಿ ಸರ್ಕಾರಿ ಕೆಲಸಕ್ಕೆ ಬರೆದ ಕೇರಳ ಪಿಎಸ್‌ಸಿ ಪರೀಕ್ಷೆಯ ಫಲಿತಾಂಶಕ್ಕೆ ಕಾಯುತ್ತಾ ಫ್ರೀಲ್ಯಾನ್ಸ್ ಕೆಲಸ, ಅಂದರೆ ಕಾಯಂ ನೌಕರಿ ಇಲ್ಲದೆ ಒಂದೊಂದು ಕೆಲಸಕ್ಕೆ ಇಷ್ಟು ಅಂತ ದುಡ್ಡು ಪಡೆಯುವ ಕೆಲಸ, ಶುರು ಮಾಡುವುದಾದರೆ, ನಿಮ್ಮ ನಾಲಿಗೆಯ ಮೇಲೆ ಈಗಾಗಲೇ ಇರುವುದರಿಂದ, ಅಂದರೆ ಅನುವಾದದಿಂದ ಶುರು ಮಾಡಿ.

ಪಿಎಸ್‌ಸಿ ಬಿಡಿ ಅಂತ ನಾನು ಹೇಳುತ್ತಿಲ್ಲ. ಕನ್ನಡ, ಮಲಯಾಳ ಎರಡೂ ಬಲ್ಲವರಿಗೆಂದೇ ಅಲ್ಲಿ ಹುದ್ದೆಗಳಿವೆ, ಖಂಡಿತ ಬರೆಯಿರಿ. ಎರಡು ಭಾಷೆ ಬಲ್ಲವರು ಬೇಕು ಅಂತ ಸರ್ಕಾರಕ್ಕೇ ಅನಿಸಿದ ಮೇಲೆ ಅಂಗಡಿಗೆ, ಆಸ್ಪತ್ರೆಗೆ, ಯೂಟ್ಯೂಬ್ ಚಾನೆಲ್‌ಗೆ ಬೇಡವೇ? ಮಂಗಳೂರು ನಮಗೆ ಐವತ್ತು ಕಿಲೋಮೀಟರ್ ದೂರ. ಅಲ್ಲಿನ ಆಸ್ಪತ್ರೆಗಳಿಗೆ ಹೋಗುವ ನಮ್ಮ ಜಿಲ್ಲೆಯವರಲ್ಲಿ ಕನ್ನಡ ಓದಲು ಬಾರದವರೂ ಇದ್ದಾರೆ. ಸೂಚನೆ, ಫಾರಂ, ಕರಪತ್ರ ಎಲ್ಲವೂ ಎರಡು ಭಾಷೆಯಲ್ಲಿ ಬೇಕಾಗುತ್ತದೆ. ಇತ್ತ ಮಂಜೇಶ್ವರ, ಉಪ್ಪಳದ ಕಡೆ ಮಲಯಾಳದಲ್ಲಿ ಬಂದ ನೋಟಿಸು ಕನ್ನಡದಲ್ಲಿ ಬೇಕು. ವಿಡಿಯೋಗಳಿಗೆ ಸಬ್‌ಟೈಟಲ್ ಬೇಕು.

[ತೆರೆಯ ಮೇಲೆ: ಒಂದೇ ಪುಟ, ಎಡಕ್ಕೆ ಮಲಯಾಳ, ಬಲಕ್ಕೆ ಕನ್ನಡ]

ಕೆಲಸ ಕೇಳುವ ಮೊದಲು ತೋರಿಸಲು ಏನಾದರೂ ಬೇಕಲ್ವಾ? ಮೂರು ಪುಟ ಸಾಕು. ಒಂದು ಆರೋಗ್ಯ ಸೂಚನೆ, ಒಂದು ಬ್ಯಾಂಕಿನ ಫಾರಂ, ಒಂದು ಜಾಹೀರಾತು. ಎಡಕ್ಕೆ ಮೂಲ, ಬಲಕ್ಕೆ ನಿಮ್ಮ ಅನುವಾದ. ಸರ್ಟಿಫಿಕೇಟ್‌ಗಿಂತ ಈ ಪಿಡಿಎಫ್ ಹೆಚ್ಚು ಕೆಲಸ ಮಾಡುತ್ತದೆ. ಫೋನಿನಲ್ಲೂ ವೆಬ್‌ಸೈಟಿನಲ್ಲೂ ಸರಿಯಾಗಿ ಕಾಣುವ ಯೂನಿಕೋಡ್ ಅಕ್ಷರದಲ್ಲೇ ಟೈಪ್ ಮಾಡಿ. ಊರಿನ ಕೆಲವು ಪ್ರೆಸ್‌ಗಳು ಇಂದಿಗೂ ಹಳೆಯ ನುಡಿ ಫಾಂಟ್‌ನಲ್ಲೇ ಫೈಲ್ ಕೇಳುತ್ತವೆ. ವೆಬ್‌ಸೈಟ್‌ಗೆ ಅದು ನಡೆಯುವುದಿಲ್ಲ. ಒಂದರಿಂದ ಇನ್ನೊಂದಕ್ಕೆ ಬದಲಾಯಿಸಿದಾಗ ಒತ್ತಕ್ಷರ ತಪ್ಪುತ್ತದೆ, ಆ ತಪ್ಪನ್ನು ಕೂತು ತಿದ್ದಬೇಕು. ತಿದ್ದುವ ಆ ಸಮಯಕ್ಕೂ ದುಡ್ಡಿದೆ ಅನ್ನುವುದು ನೆನಪಿರಲಿ.

ಈಗ ದರದ ವಿಷಯ. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ, ಯಾಕೆಂದರೆ ಹೆಚ್ಚಿನವರು ಸೋಲುವುದು ಇಲ್ಲೇ.

ಗಡಿಯಾರ ಇಟ್ಟುಕೊಂಡು ಒಂದು ಪುಟ ಅನುವಾದ ಮಾಡಿ. ಮರುದಿನ ಅದನ್ನೇ ಮತ್ತೆ ಓದಿ ತಿದ್ದಿ. ಎರಡೂ ಸಮಯ ಕೂಡಿಸಿ. ಗಂಟೆಗೆ 200 ಪದ ಬಂತು ಅಂತಿಟ್ಟುಕೊಳ್ಳಿ. ಪದಕ್ಕೆ 1 ರೂಪಾಯಿ ಅಂದರೆ ಗಂಟೆಗೆ 200 ರೂಪಾಯಿ. 30 ಪೈಸೆಗೆ ಒಪ್ಪಿಕೊಂಡರೆ 60 ರೂಪಾಯಿ. ಇನ್ನೊಂದು ಮಾತು. ಪದ ಎಣಿಸುವುದು ಮೂಲದಲ್ಲೋ, ಅನುವಾದದಲ್ಲೋ ಅಂತ ಮೊದಲೇ ಕೇಳಿ. ಇಂಗ್ಲಿಷಿನ 'ಇನ್ ದಿ ಹೌಸ್' ಮೂರು ಪದ. ಕನ್ನಡದಲ್ಲಿ 'ಮನೆಯಲ್ಲಿ', ಒಂದೇ ಪದ. ಕನ್ನಡದ ಪದ ಎಣಿಸಿ ದುಡ್ಡು ಕೊಟ್ಟರೆ ನಿಮಗೆ ನಷ್ಟ. ಇಂಗ್ಲಿಷಿನಿಂದ ಕನ್ನಡಕ್ಕೆ ಮಾಡುವಾಗ ಯಾವಾಗಲೂ ಮೂಲದ ಪದವನ್ನೇ ಎಣಿಸಿ.

ನನ್ನದೇ ಒಂದು ಅನುಭವ ಹೇಳುತ್ತೇನೆ. ಎರಡನೇ ವರ್ಷದ ಡಿಗ್ರಿಯಲ್ಲಿದ್ದಾಗ ನಲವತ್ತು ಪುಟದ ಒಂದು ಕೆಲಸ ಬಂತು. ಪರಿಚಯದವರು, ಫೋನಿನಲ್ಲೇ ಎಲ್ಲ ಮಾತಾಯಿತು. ಹನ್ನೆರಡು ರಾತ್ರಿ ಕೂತು ಮುಗಿಸಿದೆ. ಫೈಲ್ ಕಳಿಸಿದ ಮೇಲೆ ಅವರು ಫೋನ್ ಎತ್ತುವುದನ್ನೇ ಬಿಟ್ಟರು. ಪುಸ್ತಿಕೆ ಮಾತ್ರ ಅಚ್ಚಾಯಿತು. ಒಂದು ಪ್ರತಿ ನಮ್ಮ ಮನೆಗೂ ಬಂತು. ಅಮ್ಮ ಅದನ್ನು ಕಪಾಟಿನಲ್ಲಿ ತೆಗೆದಿಟ್ಟಿದ್ದಾರೆ. ದುಡ್ಡು ಇಂದಿಗೂ ಬಂದಿಲ್ಲ. ನನಗೆ ಆಗ ತುಂಬಾ ನೋವಾಗಿತ್ತು, ಈಗಲೂ ಆಗುತ್ತದೆ.

[ತೆರೆಯ ಮೇಲೆ: ಐದು ಸಾಲಿನ ಒಂದು ಇಮೇಲ್]

ಅಂದಿನಿಂದ ನಾನು ಈ ಐದು ಸಾಲು ಕಳಿಸದೆ ಕೆಲಸ ಮುಟ್ಟುವುದಿಲ್ಲ. ಏನು ಕೆಲಸ, ಎಷ್ಟು ಪದ, ಯಾವ ದಿನ ಕೊಡುತ್ತೇನೆ, ಒಟ್ಟು ಎಷ್ಟು, ಎಷ್ಟು ಸಲ ತಿದ್ದಿಕೊಡುತ್ತೇನೆ. ಅವರಿಂದ 'ಒಪ್ಪಿಗೆ' ಅಂತ ಉತ್ತರ ಬರಬೇಕು. ಅರ್ಧ ದುಡ್ಡು ಮುಂಗಡ. ಪರಿಚಯದವರ ಹತ್ತಿರ ಕೇಳಲು ಮುಜುಗರ ಆಗುತ್ತದೆ, ನನಗೆ ಗೊತ್ತು. "ಮಾಮ, ಎಲ್ಲರ ಹತ್ತಿರವೂ ಅರ್ಧ ಮೊದಲೇ ತೆಗೆದುಕೊಳ್ಳುತ್ತೇನೆ" ಅಂತ ನಿಧಾನವಾಗಿ ಹೇಳಿ. ಕೊಡುವವರು ಕೊಡುತ್ತಾರೆ. ಇನ್ನು, ಟೈಪಿಂಗ್ ಕೆಲಸ ಕೊಡುತ್ತೇವೆ, ಮೊದಲು ನೀವೇ ಡೆಪಾಸಿಟ್ ಕಟ್ಟಿ ಅನ್ನುವವರನ್ನು ಅಲ್ಲೇ ಬ್ಲಾಕ್ ಮಾಡಿ. ಅದು ಮೋಸ.

ಪರೀಕ್ಷೆಯ ವಾರ ಕೆಲಸ ತೆಗೆದುಕೊಳ್ಳಬೇಡಿ. ಎರಡೂ ಕೆಡುತ್ತದೆ.

ತೆರಿಗೆಯ ಬಗ್ಗೆ ಎರಡೇ ಮಾತು. ಕಂಪನಿಯೊಂದು ನಿಮಗೆ ವೃತ್ತಿ ಶುಲ್ಕ ಅಂತ ವರ್ಷಕ್ಕೆ 50,000 ರೂಪಾಯಿಗಿಂತ ಜಾಸ್ತಿ ಕೊಟ್ಟರೆ ಶೇ. 10 ಟಿಡಿಎಸ್, ಅಂದರೆ ದುಡ್ಡು ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆ, ಹಿಡಿಯುತ್ತದೆ. 2025ರ ಏಪ್ರಿಲ್‌ಗೆ ಮೊದಲು ಈ ಮಿತಿ 30,000 ಇತ್ತು. ಪ್ಯಾನ್ ಕೊಡದಿದ್ದರೆ ಶೇ. 20 ಹೋಗುತ್ತದೆ. ಹಾಗಾಗಿ ಪ್ಯಾನ್ ಇಲ್ಲದವರು ಮೊದಲು ಅದನ್ನು ಮಾಡಿಸಿ. ನಿಮ್ಮ ಆದಾಯಕ್ಕೆ ತೆರಿಗೆಯೇ ಇಲ್ಲದಿದ್ದರೆ, ವರ್ಷದ ಆದಾಯದ ಲೆಕ್ಕವನ್ನು, ಅಂದರೆ ರಿಟರ್ನ್ ಅನ್ನು, ತೆರಿಗೆ ಇಲಾಖೆಗೆ ಸಲ್ಲಿಸಿದಾಗ ಹಿಡಿದ ದುಡ್ಡು ವಾಪಸ್ ಬರುತ್ತದೆ.

ಗಡಿಯಲ್ಲಿರುವ ನಮ್ಮನ್ನು ಹೆದರಿಸುವ ಮಾತು ಇನ್ನೊಂದಿದೆ. ನೀವು ಕೇರಳ, ಗ್ರಾಹಕರು ಕರ್ನಾಟಕ, ಆದ್ದರಿಂದ ಮೊದಲ ಬಿಲ್ಲಿಗೇ ಜಿಎಸ್‌ಟಿ ನೋಂದಣಿ ಬೇಕು ಅನ್ನುತ್ತಾರೆ. ಬೇಡ. ಬೇರೆ ರಾಜ್ಯಕ್ಕೆ ಸೇವೆ ಕೊಡುವ ಸಣ್ಣವರಿಗೆ 2017ರ ಅಕ್ಟೋಬರ್‌ನಲ್ಲೇ ವಿನಾಯಿತಿ ಸಿಕ್ಕಿದೆ. ವರ್ಷದ ವಹಿವಾಟು 20 ಲಕ್ಷ ದಾಟುವವರೆಗೆ ನಿಮಗೆ ಅದರ ಚಿಂತೆ ಇಲ್ಲ. ಗಡಿಯ ತಲಪಾಡಿ ದಾಟಿದ ಕೂಡಲೇ ನಿಮ್ಮ ಬಿಲ್ಲು ಬೇರೆಯಾಗುವುದಿಲ್ಲ.

ಬಿಲ್ಲಿನ ಒಂದು ಖಾಲಿ ಮಾದರಿಯನ್ನು ಈ ವಿಡಿಯೋದ ಕೆಳಗೆ ಇಟ್ಟಿದ್ದೇನೆ. ಹೆಸರು, ಪ್ಯಾನ್, ತಾರೀಕು, ಪದಗಳ ಲೆಕ್ಕ, ಮೊತ್ತ ತುಂಬಿಸಿ. ಮೇಲೆ ಬಿಲ್ ಸಂಖ್ಯೆ ಅಂತ ಇದೆಯಲ್ಲ, ಅಲ್ಲಿ 1 ಅಂತ ಬರೆಯಿರಿ.